ಕಬ್ಬಿಣದ ಅತಿವಾಹಕಗಳಲ್ಲಿ ಡೋಪಿಂಗ್ ನಿಜಕ್ಕೂ ಮಾಡುವ ಕೆಲಸವೇನು?

ಬೇರಿಯಂ, ಕಬ್ಬಿಣ, ಆರ್ಸೆನಿಕ್ ಮೂರೂ 1:2:2 ಲೆಕ್ಕದಲ್ಲಿ ಕೂಡಿದ ಒಂದು ಹರಳಿದೆ. ಈ ಕ್ಷೇತ್ರದವರು ಅದನ್ನು ಬರೀ '122' ಅನ್ನುತ್ತಾರೆ. ಶುದ್ಧವಾಗಿರುವಾಗ ಅದನ್ನು ಎಷ್ಟು ತಣ್ಣಗೆ ಮಾಡಿದರೂ ಅತಿವಾಹಕ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು, ಆಗುವುದಿಲ್ಲ. ಅದರ ನೂರು ಕಬ್ಬಿಣದ ಪರಮಾಣುಗಳ ಪೈಕಿ ಆರೇಳನ್ನು ತೆಗೆದು ಅಲ್ಲಿ ಕೋಬಾಲ್ಟ್ ಕೂರಿಸಿದರೆ, 24 ಕೆಲ್ವಿನ್ ಆಸುಪಾಸಿನಲ್ಲಿ, ಅಂದರೆ ಸುಮಾರು ಮೈನಸ್ 249 ಡಿಗ್ರಿ ಸೆಲ್ಸಿಯಸ್‌ನಲ್ಲಿ, ವಿದ್ಯುತ್ ರೋಧ ಸೊನ್ನೆಗೆ ಬೀಳುತ್ತದೆ. ಕಬ್ಬಿಣವನ್ನು ಮುಟ್ಟದೆ ಬೇರಿಯಂನ ನೂರಕ್ಕೆ ನಲವತ್ತು ಪಾಲನ್ನು ಪೊಟ್ಯಾಸಿಯಂಗೆ ಬಿಟ್ಟುಕೊಟ್ಟರೆ ಅದೇ ಘಟನೆ 38 ಕೆಲ್ವಿನ್‌ನಲ್ಲಿ ನಡೆಯುತ್ತದೆ. ಇವೆರಡನ್ನೂ ಹಾಗೇ ಇಟ್ಟು, ಆರ್ಸೆನಿಕ್‌ನ ನೂರಕ್ಕೆ ಮೂವತ್ತು ಪಾಲಿನ ಜಾಗದಲ್ಲಿ ರಂಜಕ ಹಾಕಿದರೆ 30 ಕೆಲ್ವಿನ್. ಏನನ್ನೂ ಬೆರೆಸದೆ ಹರಳನ್ನು ಭಾರಿ ಒತ್ತಡಕ್ಕೆ ಒಡ್ಡಿದರೂ ಅತಿವಾಹಕತೆ ಬರುತ್ತದೆ.

ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ತೊಡಕು ಕಾಣುತ್ತದೆ. ಕೋಬಾಲ್ಟ್‌ನಲ್ಲಿ ಕಬ್ಬಿಣಕ್ಕಿಂತ ಒಂದು ಎಲೆಕ್ಟ್ರಾನ್ ಹೆಚ್ಚು. ಅದು ಎಲೆಕ್ಟ್ರಾನ್ ಕೊಡುತ್ತದೆ. ಪೊಟ್ಯಾಸಿಯಂ ಬೇರಿಯಂಗಿಂತ ಒಂದು ಎಲೆಕ್ಟ್ರಾನ್ ಕಡಿಮೆ ಕೊಡುತ್ತದೆ. ಹರಳಿನಲ್ಲಿ ಕೊರತೆ ಬೀಳುತ್ತದೆ. ರಂಜಕ, ಆರ್ಸೆನಿಕ್ ಎರಡರ ಹೊರಕವಚದಲ್ಲೂ ಇರುವುದು ಐದೇ ಎಲೆಕ್ಟ್ರಾನ್. ಅಲ್ಲಿ ಲೆಕ್ಕ ಬದಲಾಗುವುದೇ ಇಲ್ಲ. ಒತ್ತಡವಂತೂ ಏನನ್ನೂ ತರುವುದಿಲ್ಲ. ಹೀಗೆ ಬೇರೆ ಪರಮಾಣು ಬೆರೆಸುವುದಕ್ಕೇ ಡೋಪಿಂಗ್ ಎನ್ನುವುದು. ಸಿಲಿಕಾನ್ ಚಿಪ್‌ನ ಪಾಠದಲ್ಲಿ ಡೋಪಿಂಗ್ ಎಂದರೆ ಎಲೆಕ್ಟ್ರಾನ್ ಸೇರಿಸು, ಇಲ್ಲವೇ ತೆಗೆ ಎಂದು ಕಲಿತವರಿಗೆ ಇದು ಅರ್ಥವಾಗದ ಮಾತು. ಸೇರಿಸಿದರೂ ಸರಿ, ತೆಗೆದರೂ ಸರಿ, ಎರಡೂ ಮಾಡದಿದ್ದರೂ ಸರಿ ಎನ್ನುವುದಾದರೆ, ಆ ಬೆರಕೆ ಒಳಗೆ ಮಾಡುತ್ತಿರುವ ಕೆಲಸ ಯಾವುದು?

ಉತ್ತರ ಕಾಂತತ್ವದಲ್ಲಿದೆ. ಈ ಹರಳುಗಳಲ್ಲಿ ಡೋಪಿಂಗ್‌ನ ಮೊದಲ ಕೆಲಸ ಕಾಂತೀಯ ಜೋಡಣೆಯನ್ನು, ಅಂದರೆ ಪರಮಾಣುಗಳ ಕಾಂತಬಲ ಸಾಲುಗಟ್ಟಿ ನಿಲ್ಲುವ ಕ್ರಮವನ್ನು, ಕೆಡಿಸುವುದು. ಕೆಡಿಸಬೇಕು, ಆದರೆ ಕಾಂತತ್ವವನ್ನು ಪೂರ್ತಿ ಅಳಿಸಬಾರದು. ಈ ಎರಡು ಮಾತುಗಳ ನಡುವಿನ ಇಕ್ಕಟ್ಟಾದ ಜಾಗದಲ್ಲೇ ಅತಿವಾಹಕತೆ ಹುಟ್ಟುತ್ತದೆ.

ಕಬ್ಬಿಣಕ್ಕೆ ಪ್ರವೇಶವಿರಲಿಲ್ಲ

ಅತಿವಾಹಕತೆಯನ್ನು 1911ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಒನ್ನೆಸ್ ಪಾದರಸದಲ್ಲಿ ಕಂಡಾಗಿನಿಂದ ಬಹಳ ಕಾಲ ಕಾಂತತ್ವವನ್ನು ಅದರ ಶತ್ರು ಎಂದೇ ಎಣಿಸಲಾಗಿತ್ತು. ಕಾರಣ ಸರಳ. ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಎರಡೆರಡಾಗಿ ಜೋಡಿಯಾಗುತ್ತವೆ. ಸಾಮಾನ್ಯವಾಗಿ ಜೋಡಿಯ ಒಂದರ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಕಾಂತವಾಗಿಸುವ ಗುಣ) ಮೇಲಕ್ಕಿದ್ದರೆ ಇನ್ನೊಂದರದು ಕೆಳಕ್ಕೆ. ಕಾಂತೀಯ ಪರಮಾಣುವೊಂದು ಹತ್ತಿರ ಬಂದರೆ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಲು ನೋಡುತ್ತದೆ, ಜೋಡಿ ಒಡೆಯುತ್ತದೆ. ಹೊಸ ಅತಿವಾಹಕ ಹುಡುಕುವವರಿಗೆ ಭೌತವಿಜ್ಞಾನಿ ಬರ್ನ್ಡ್ ಮಥಿಯಾಸ್ ಹೆಸರಿನಲ್ಲಿ ಓಡಾಡುತ್ತಿದ್ದ ಸಲಹೆಗಳಲ್ಲಿ ಕಾಂತತ್ವದಿಂದ ದೂರವಿರಿ ಎನ್ನುವುದೂ ಒಂದು. 2001ರಲ್ಲಿ ಜಪಾನಿನ ತಂಡವೊಂದು ಕಬ್ಬಿಣವನ್ನೇ ಹಿಸುಕಿ ಸುಮಾರು 2 ಕೆಲ್ವಿನ್‌ನಲ್ಲಿ ಅತಿವಾಹಕ ಮಾಡಿ ತೋರಿಸಿತ್ತು ನಿಜ. ಆದರೆ ಅಲ್ಲಿನ ಒತ್ತಡದಲ್ಲಿ ಕಬ್ಬಿಣ ತನ್ನ ಎಂದಿನ ಕಾಂತತ್ವವನ್ನು ಬಿಟ್ಟುಕೊಟ್ಟಿರುತ್ತದೆ, ಹಾಗಾಗಿ ಯಾರ ನಂಬಿಕೆಯೂ ಅಲುಗಲಿಲ್ಲ.

ನಂಬಿಕೆ ಅಲುಗಿದ್ದು 2008ರ ಫೆಬ್ರವರಿಯಲ್ಲಿ. ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹಿಡಿಯೊ ಹೊಸೊನೊ ಮತ್ತು ಸಂಗಡಿಗರು ಲ್ಯಾಂಥನಮ್, ಕಬ್ಬಿಣ, ಆರ್ಸೆನಿಕ್, ಆಮ್ಲಜನಕಗಳ ಸಂಯುಕ್ತದಲ್ಲಿ ಆಮ್ಲಜನಕದ ಒಂದಷ್ಟು ಪಾಲಿಗೆ ಫ್ಲೋರಿನ್ ಹಾಕಿ 26 ಕೆಲ್ವಿನ್ ಮುಟ್ಟಿದರು. ಹೊಸೊನೊ ಅತಿವಾಹಕಗಳ ಬೆನ್ನು ಹತ್ತಿದವರಲ್ಲ. ಅವರ ಹೆಸರು ಮೆರೆದದ್ದು ಪಾರದರ್ಶಕ ಅರೆವಾಹಕಗಳಲ್ಲಿ. ಇಂದಿನ ಎಷ್ಟೋ ಪರದೆಗಳೊಳಗಿನ ಟ್ರಾನ್ಸಿಸ್ಟರ್‌ಗಳಿಗೆ ಬಳಕೆಯಾಗುವ ಇಂಡಿಯಂ-ಗ್ಯಾಲಿಯಂ-ಸತು ಆಕ್ಸೈಡ್ ಅವರ ಗುಂಪಿನ ಕೊಡುಗೆ. 2006ರಲ್ಲೇ ಅವರು ಆರ್ಸೆನಿಕ್ ಬದಲು ರಂಜಕವಿದ್ದ ಸೋದರ ಸಂಯುಕ್ತದಲ್ಲಿ 4 ಕೆಲ್ವಿನ್ ಕಂಡಿದ್ದರು, ಆಗ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. 26 ಎಂಬ ಅಂಕಿ ಬಂದ ಮೇಲೆ ಕತೆ ಬೇರೆ. ಒತ್ತಡ ಹೇರಿದಾಗ 43 ಕೆಲ್ವಿನ್. ಲ್ಯಾಂಥನಮ್ ತೆಗೆದು ಸಮೇರಿಯಂ ಹಾಕಿದಾಗ ಚೀನಾದ ತಂಡಗಳ ಕೈಯಲ್ಲಿ ಮೊದಲು 43, ಕೆಲವೇ ವಾರಗಳಲ್ಲಿ 55 ಕೆಲ್ವಿನ್. ಅದೇ ವರ್ಷ ಮ್ಯೂನಿಕ್‌ನಲ್ಲಿ ರೋಟರ್, ಟೇಗಲ್, ಯೋರೆಂಟ್ 122ರಲ್ಲಿ ಪೊಟ್ಯಾಸಿಯಂ ಬೆರೆಸಿ 38 ಮುಟ್ಟಿದರು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಕೋಬಾಲ್ಟ್ ಬೆರೆಸಿದವರಿಗೆ 22 ಸಿಕ್ಕಿತು. ತೈವಾನ್‌ನಲ್ಲಿ ಕಬ್ಬಿಣ ಮತ್ತು ಸೆಲೆನಿಯಂ ಮಾತ್ರ ಇರುವ ಸರಳ ಸಂಯುಕ್ತದಲ್ಲಿ 8.

ಇವೆಲ್ಲದರಲ್ಲೂ ಮೂಲ ಕಟ್ಟು ಒಂದೇ. ಕಬ್ಬಿಣದ ಪರಮಾಣುಗಳು ಚೌಕಮನೆಗಳ ಜಾಲದಂತೆ ಒಂದು ಸಪಾಟು ಪದರದಲ್ಲಿ ಕೂತಿರುತ್ತವೆ. ಆರ್ಸೆನಿಕ್ ಅಥವಾ ಸೆಲೆನಿಯಂ ಪರಮಾಣುಗಳು ಆ ಚೌಕಗಳ ನಡುವೆ, ಒಂದು ಮೇಲೆ ಒಂದು ಕೆಳಗೆ ಎಂಬಂತೆ ಇರುತ್ತವೆ. ಪ್ರತಿ ಕಬ್ಬಿಣದ ಸುತ್ತ ನಾಲ್ಕು ಆರ್ಸೆನಿಕ್ ಸೇರಿ ಒಂದು ಚತುರ್ಮುಖಿ. ಪದರಗಳ ಮಧ್ಯದ ಜಾಗವನ್ನು ಬೇರಿಯಂ, ಲ್ಯಾಂಥನಮ್ ಆಕ್ಸೈಡ್ ಮುಂತಾದವು ತುಂಬಿರುತ್ತವೆ. ಆ ಚತುರ್ಮುಖಿಯ ಆಕಾರಕ್ಕೂ ಸಂಕ್ರಮಣ ತಾಪಕ್ಕೂ (ಅತಿವಾಹಕತೆ ಶುರುವಾಗುವ ತಾಪ) ನಂಟಿದೆ: ಆರ್ಸೆನಿಕ್-ಕಬ್ಬಿಣ-ಆರ್ಸೆನಿಕ್ ಕೋನ ಜ್ಯಾಮಿತಿಯ ಆದರ್ಶವಾದ 109.47 ಡಿಗ್ರಿಗೆ ಹತ್ತಿರವಿದ್ದಷ್ಟೂ ತಾಪ ಹೆಚ್ಚಾಗಿರುವ ಒಲವು ಕಾಣುತ್ತದೆ. ರಂಜಕವೂ ಒತ್ತಡವೂ ಎಲೆಕ್ಟ್ರಾನ್ ಲೆಕ್ಕವನ್ನು ಬದಲಿಸದಿದ್ದರೂ ಈ ಆಕಾರವನ್ನು ಬದಲಿಸುತ್ತವೆ. ನಾಲ್ಕು ದಾರಿಗಳ ಒಗಟಿಗೆ ಇದು ಮೊದಲ ಸುಳಿವು.

ಶುದ್ಧ ಹರಳಿನೊಳಗೆ

ಬೆರಕೆಯಿಲ್ಲದ 122 ಹರಳಿನ ರೋಧವನ್ನು ಕೋಣೆಯ ತಾಪದಿಂದ ಕೆಳಗೆ ಅಳೆಯುತ್ತ ಹೋಗೋಣ. ಇದು ಲೋಹ, ಆದರೆ ಕಳಪೆ ಲೋಹ. ಕೋಣೆಯ ತಾಪದಲ್ಲಿ ಇದರ ರೋಧಕತೆ ತಾಮ್ರಕ್ಕಿಂತ ನೂರಾರು ಪಟ್ಟು. ತಣಿಯುತ್ತ ಹೋದಂತೆ ರೇಖೆ ನಿಧಾನಕ್ಕೆ ಇಳಿಯುತ್ತದೆ. 140 ಕೆಲ್ವಿನ್ ಹತ್ತಿರ ಬಂದಾಗ ಹಠಾತ್ತನೆ ಮುರಿದು ಕಡಿದಾಗಿ ಇಳಿಯತೊಡಗುತ್ತದೆ. ಆ ಮುರಿತದಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದಿರುತ್ತವೆ. ಚೌಕವಾಗಿದ್ದ ಜಾಲ ಕೊಂಚ ಆಯತವಾಗುತ್ತದೆ; ಎರಡು ಬದಿಗಳ ನಡುವಿನ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಜೊತೆಗೆ ಕಬ್ಬಿಣದ ಸ್ಪಿನ್‌ಗಳು ಸಾಲುಗಟ್ಟುತ್ತವೆ: ಉದ್ದನೆಯ ಬದಿಯಲ್ಲಿ ಒಂದು ಮೇಲೆ ಒಂದು ಕೆಳಗೆ, ಗಿಡ್ಡ ಬದಿಯಲ್ಲಿ ಎಲ್ಲವೂ ಒಂದೇ ದಿಕ್ಕಿಗೆ. ಮೇಲಿಂದ ನೋಡಿದರೆ ಪಟ್ಟೆಪಟ್ಟೆಯಾಗಿ ಕಾಣುವ ಈ ವಿನ್ಯಾಸವನ್ನು 2008ರಲ್ಲೇ ನ್ಯೂಟ್ರಾನ್ ಚದುರಿಕೆಯಿಂದ, ಅಂದರೆ ಹರಳಿಗೆ ನ್ಯೂಟ್ರಾನ್ ಹಾಯಿಸಿ ಅವು ಚದುರುವ ಬಗೆಯನ್ನು ನೋಡಿ, ಕಂಡುಕೊಂಡರು. ಲ್ಯಾಂಥನಮ್ ಸಂಯುಕ್ತದಲ್ಲಿ ಎರಡು ಘಟನೆಗಳ ನಡುವೆ ಅಂತರವಿದೆ: ಜಾಲ ಸೊಟ್ಟಗಾಗುವುದು ಸುಮಾರು 155 ಕೆಲ್ವಿನ್‌ನಲ್ಲಿ, ಸ್ಪಿನ್‌ಗಳು ಸಾಲುಗಟ್ಟುವುದು 137ರಲ್ಲಿ. ಈ ಅಂತರ ಚಿಕ್ಕದಾದರೂ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು.

ಇಲ್ಲಿನ ಕಾಂತತ್ವ ದುರ್ಬಲ. ಸಾಮಾನ್ಯ ಕಬ್ಬಿಣದಲ್ಲಿ ಪ್ರತಿ ಪರಮಾಣುವಿನ ಕಾಂತೀಯ ಬಲ ಸುಮಾರು 2.2 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಕಾಂತಬಲ ಅಳೆಯುವ ಮಾನ). 122ರಲ್ಲಿ ನ್ಯೂಟ್ರಾನ್ ಕಾಣುವುದು 0.9ರಷ್ಟನ್ನು ಮಾತ್ರ, ಲ್ಯಾಂಥನಮ್ ಸಂಯುಕ್ತದಲ್ಲಿ ಮೊದಲು ಅಳೆದದ್ದು 0.36. ಎಲೆಕ್ಟ್ರಾನ್‌ಗಳು ಅರ್ಧ ಮನಸ್ಸಿನಲ್ಲಿ ಪರಮಾಣುವಿಗೆ ಅಂಟಿಕೊಂಡು, ಅರ್ಧ ಮನಸ್ಸಿನಲ್ಲಿ ಊರೆಲ್ಲ ಅಲೆಯುತ್ತಿರುವ ಸ್ಥಿತಿ ಇದು. ತಾಮ್ರದ ಆಕ್ಸೈಡ್ ಅತಿವಾಹಕಗಳಿಗೂ ಇವುಗಳಿಗೂ ಇರುವ ಮುಖ್ಯ ಭೇದ ಇಲ್ಲೇ. ಅಲ್ಲಿ ಡೋಪ್ ಮಾಡದ ತಾಯಿ ಸಂಯುಕ್ತ ವಿದ್ಯುತ್ ನಿರೋಧಕ. ಎಲೆಕ್ಟ್ರಾನ್‌ಗಳು ತಂತಮ್ಮ ಮನೆಯಲ್ಲಿ ಬೀಗ ಹಾಕಿಕೊಂಡಿರುತ್ತವೆ, ಡೋಪಿಂಗ್‌ನ ಕೆಲಸ ಬೀಗ ತೆರೆಯುವುದು. ಇಲ್ಲಿ ಬೀಗವೇ ಇಲ್ಲ. ಎಲೆಕ್ಟ್ರಾನ್‌ಗಳು ಮೊದಲಿನಿಂದಲೂ ಓಡಾಡುತ್ತಲೇ ಇವೆ. ಹಾಗಾಗಿ ಓಡಾಡುವ ಎಲೆಕ್ಟ್ರಾನ್ ಒದಗಿಸುವುದಕ್ಕಾಗಿ ಡೋಪಿಂಗ್ ಬೇಕು ಎನ್ನುವ ವಿವರಣೆ ಇಲ್ಲಿ ಹೊಸಿಲಲ್ಲೇ ಬಿದ್ದುಹೋಗುತ್ತದೆ.

ಹಾಗಾದರೆ ಸ್ಪಿನ್‌ಗಳು ಪಟ್ಟೆಗಟ್ಟುವುದೇಕೆ? ಇದಕ್ಕೆ ಎಲೆಕ್ಟ್ರಾನ್‌ಗಳನ್ನು ಜಾಗದ ಲೆಕ್ಕದಲ್ಲಿ ನೋಡುವುದು ಬಿಟ್ಟು ಸಂವೇಗದ ಲೆಕ್ಕದಲ್ಲಿ ನೋಡಬೇಕು. ಕಬ್ಬಿಣದ ಐದೂ ಡಿ ಕಕ್ಷಕಗಳು (ಎಲೆಕ್ಟ್ರಾನ್‌ಗಳು ಪರಮಾಣುವಿನ ಸುತ್ತ ಹರಡಿಕೊಳ್ಳುವ ಒಂದು ಬಗೆಯ ನೆಲೆಗಳು) ಇಲ್ಲಿ ವಹನದಲ್ಲಿ ಪಾಲ್ಗೊಳ್ಳುತ್ತವೆ. ಅದರಿಂದ ಫರ್ಮಿ ಮೇಲ್ಮೈ, ಅಂದರೆ ವಹನಕ್ಕೆ ಸಿಗುವ ಎಲೆಕ್ಟ್ರಾನ್‌ಗಳ ಸಂವೇಗದ ಗಡಿ, ಒಂದೇ ತುಂಡಾಗಿರದೆ ಹಲವು ಸಣ್ಣ ತುಂಡುಗಳಾಗಿ ಒಡೆದಿರುತ್ತದೆ. ಸಂವೇಗದ ನಕ್ಷೆಯ ನಡುಮಧ್ಯದಲ್ಲಿ ಕೆಲವು 'ಹೋಲ್' ತುಂಡುಗಳು, ಅಂದರೆ ಎಲೆಕ್ಟ್ರಾನ್ ಕೊರತೆ ಧನ ಆವೇಶದಂತೆ ವರ್ತಿಸುವ ವಲಯಗಳು. ಮೂಲೆಗಳಲ್ಲಿ ಎಲೆಕ್ಟ್ರಾನ್ ತುಂಡುಗಳು. ಶುದ್ಧ ಹರಳಿನಲ್ಲಿ ಈ ಎರಡು ಬಗೆಯ ತುಂಡುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಒಂದನ್ನು ಎತ್ತಿ ಸರಿಸಿದರೆ ಇನ್ನೊಂದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ಹೀಗೆ ಕೂತಾಗ, ಸರಿಸಿದ ಆ ಅಂತರಕ್ಕೆ ಹೊಂದುವ ಕಾಂತೀಯ ಅಲೆಯೊಂದು ಹರಳಿನಲ್ಲಿ ಎದ್ದೇಳಲು ಒತ್ತಾಸೆ ಸಿಗುತ್ತದೆ. ಆ ಅಲೆಯೇ ನ್ಯೂಟ್ರಾನ್ ಕಂಡ ಪಟ್ಟೆ.

ಇದು ಪೂರ್ತಿ ಸತ್ಯವಲ್ಲ ಎಂದೂ ಹೇಳಬೇಕು. ತುಂಡುಗಳ ಹೊಂದಾಣಿಕೆಯೇ ಎಲ್ಲವೂ ಆಗಿದ್ದರೆ 140 ಕೆಲ್ವಿನ್ ಮೇಲೆ ಕಬ್ಬಿಣದಲ್ಲಿ ಕಾಂತತ್ವದ ಸುಳಿವೇ ಇರಬಾರದಿತ್ತು. ಎಕ್ಸ್‌-ಕಿರಣ ಪ್ರಯೋಗಗಳು ಕೋಣೆಯ ತಾಪದಲ್ಲೂ ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುವ ಸ್ಥಳೀಯ ಕಾಂತೀಯ ಬಲವನ್ನು ತೋರಿಸಿವೆ. ಒಂದೇ ಪರಮಾಣುವಿನ ಬೇರೆ ಬೇರೆ ಕಕ್ಷಕಗಳಲ್ಲಿರುವ ಎಲೆಕ್ಟ್ರಾನ್‌ಗಳು ಸ್ಪಿನ್ ಒಂದೇ ದಿಕ್ಕಿಗಿಟ್ಟುಕೊಳ್ಳಲು ಬಯಸುವ ಹುಂಡ್ ನಿಯಮ ಇಲ್ಲಿ ಬಲವಾಗಿ ಕೆಲಸ ಮಾಡುತ್ತದೆ. ಅದಕ್ಕೇ ಸಿದ್ಧಾಂತಿಗಳಾದ ಹೌಲೆ ಮತ್ತು ಕೋಟ್ಲಿಯಾರ್ ದಾರಿಯಲ್ಲಿ ನಡೆದವರು ಇವನ್ನು 'ಹುಂಡ್ ಲೋಹ' ಎನ್ನುತ್ತಾರೆ. ತುಂಡುಗಳ ಹೊಂದಾಣಿಕೆ ಕಾಂತತ್ವವನ್ನು ಹುಟ್ಟಿಸುತ್ತದೆ ಎನ್ನುವುದಕ್ಕಿಂತ, ಆಗಲೇ ಇರುವ ಕಾಂತೀಯ ಬಲಗಳು ಯಾವ ವಿನ್ಯಾಸದಲ್ಲಿ ಸಾಲುಗಟ್ಟಬೇಕು ಎನ್ನುವುದನ್ನು ತೀರ್ಮಾನಿಸುತ್ತದೆ ಎಂದರೆ ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಬೆರಕೆ ಬಿದ್ದಾಗ

ಈಗ ಕೋಬಾಲ್ಟ್ ಹಾಕೋಣ. ಎಲೆಕ್ಟ್ರಾನ್ ಹೆಚ್ಚಾದಂತೆ ಮೂಲೆಯ ಎಲೆಕ್ಟ್ರಾನ್ ತುಂಡುಗಳು ಉಬ್ಬುತ್ತವೆ, ನಡುವಿನ ಹೋಲ್ ತುಂಡುಗಳು ಕುಗ್ಗುತ್ತವೆ. ಒಂದರ ಮೇಲೊಂದು ಇಟ್ಟರೆ ಇನ್ನು ಹೊಂದುವುದಿಲ್ಲ. ಪೊಟ್ಯಾಸಿಯಂ ಹಾಕಿದರೆ ಇದರ ತಿರುವುಮುರುವು. ದಿಕ್ಕು ಯಾವುದಾದರೂ ಫಲ ಒಂದೇ: ಹೊಂದಾಣಿಕೆ ತಪ್ಪುತ್ತದೆ, ಪಟ್ಟೆಯ ಜೋಡಣೆ ಸಡಿಲಾಗುತ್ತದೆ. ರಂಜಕದ ಪರಮಾಣು ಆರ್ಸೆನಿಕ್‌ಗಿಂತ ಚಿಕ್ಕದು. ಅದು ಕಬ್ಬಿಣದ ಪದರಕ್ಕೆ ಹತ್ತಿರ ಕೂರುತ್ತದೆ, ಎಲೆಕ್ಟ್ರಾನ್‌ಗಳ ಓಡಾಟ ಸುಲಭವಾಗುತ್ತದೆ, ಸ್ಥಳೀಯ ಕಾಂತೀಯ ಬಲ ಕರಗುತ್ತದೆ. ಒತ್ತಡ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಾಲ್ಕು ದಾರಿಗಳೂ ಸೇರುವ ಊರು ಇದು.

ರೋಧದ ರೇಖೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನೂರಕ್ಕೆ ಎರಡು ಮೂರು ಕೋಬಾಲ್ಟ್ ಇದ್ದಾಗ 140ರಲ್ಲಿದ್ದ ಮುರಿತ ಕೆಳಗಿಳಿದು 100 ಕೆಲ್ವಿನ್ ಆಸುಪಾಸಿಗೆ ಬರುತ್ತದೆ. ಅದರ ಸ್ವಭಾವವೂ ಬದಲಾಗಿರುತ್ತದೆ: ಶುದ್ಧ ಹರಳಿನಲ್ಲಿ ಅಲ್ಲಿ ರೋಧ ಕಡಿದಾಗಿ ಇಳಿದಿತ್ತು, ಈಗ ಅದೇ ಜಾಗದಲ್ಲಿ ರೇಖೆ ಮೇಲಕ್ಕೇಳುತ್ತದೆ. ಸೂಕ್ಷ್ಮವಾಗಿ ನೋಡಿದರೆ ಒಂದಿದ್ದ ಮುರಿತ ಎರಡಾಗಿದೆ: ಜಾಲ ಸೊಟ್ಟಗಾಗುವ ತಾಪ ಮೇಲೆ, ಸ್ಪಿನ್ ಸಾಲುಗಟ್ಟುವ ತಾಪ ಅದರ ಕೆಳಗೆ. ಇನ್ನಷ್ಟು ಕೋಬಾಲ್ಟ್ ಬಿದ್ದಂತೆ ಎರಡೂ ಇಳಿಯುತ್ತವೆ. ನೂರಕ್ಕೆ ಮೂರು ನಾಲ್ಕು ಆಗುವಾಗ ರೇಖೆಯ ಬುಡದಲ್ಲಿ ಅತಿವಾಹಕತೆಯ ಜಾರು ಕಾಣಿಸಿಕೊಳ್ಳುತ್ತದೆ. ಆರೇಳರಲ್ಲಿ ಮುರಿತಗಳು ಮಾಯವಾಗಿ ಅತಿವಾಹಕತೆ ಶಿಖರ ಮುಟ್ಟುತ್ತದೆ. ಹದಿನೈದರ ಹೊತ್ತಿಗೆ ಎಲ್ಲ ಮುಗಿದಿರುತ್ತದೆ; ಉಳಿಯುವುದು ಒಂದು ಸಾದಾ ಲೋಹ.

ಆ ಕೊನೆಯ ಹಂತ ಗಮನಾರ್ಹ. ಹದಿನೈದರ ಹತ್ತಿರ ನಡುವಿನ ಹೋಲ್ ತುಂಡುಗಳು ಬಹುಪಾಲು ತುಂಬಿಹೋಗಿರುವುದನ್ನು ಬೆಳಕಿನಿಂದ ಎಲೆಕ್ಟ್ರಾನ್‌ಗಳನ್ನು ಹೊರಗೆಬ್ಬಿಸಿ ಅಳೆಯುವ ದ್ಯುತಿವಿದ್ಯುತ್ ಪ್ರಯೋಗಗಳು ತೋರಿಸಿವೆ. ಅದೇ ಬೆರಕೆಯಲ್ಲಿ, ಪರಮಾಣು ಬೀಜಗಳ ಮೂಲಕ ಸುತ್ತಲಿನ ಕಾಂತತ್ವವನ್ನು ಅಳೆಯುವ ಎನ್‌ಎಂಆರ್ ಪ್ರಯೋಗದಲ್ಲಿ, ಕಾಂತೀಯ ಏರಿಳಿತಗಳೂ (ಸಾಲುಗಟ್ಟದೆ ಕ್ಷಣಕ್ಷಣಕ್ಕೆ ಎದ್ದು ಬೀಳುವ ಕಾಂತತ್ವ) ತಗ್ಗಿಹೋಗಿರುವುದು ಕಾಣುತ್ತದೆ. ಜೋಡಣೆ ಹೋದಾಗ ಅತಿವಾಹಕತೆ ಬಂತು. ಏರಿಳಿತವೂ ಹೋದಾಗ ಅತಿವಾಹಕತೆಯೂ ಹೊರಟುಹೋಯಿತು. ಕಾಂತತ್ವ ಬರೀ ಶತ್ರುವಾಗಿದ್ದರೆ ಅದು ಪೂರ್ತಿ ಅಳಿದ ಮೇಲೆ ಅತಿವಾಹಕತೆ ಹುಲುಸಾಗಿ ಬೆಳೆಯಬೇಕಿತ್ತಲ್ಲ.

ಕೋಬಾಲ್ಟ್ ನಿಜಕ್ಕೂ ತನ್ನ ಹೆಚ್ಚುವರಿ ಎಲೆಕ್ಟ್ರಾನನ್ನು ಹರಳಿಗೆ ಬಿಟ್ಟುಕೊಡುತ್ತದೆಯೇ? 2010ರಲ್ಲಿ ಲೆಕ್ಕಾಚಾರದ ಗುಂಪೊಂದು ಆ ಎಲೆಕ್ಟ್ರಾನಿನ ಸಾಂದ್ರತೆ ಬಹುಪಾಲು ಕೋಬಾಲ್ಟ್ ಸುತ್ತಲೇ ಇರುತ್ತದೆ ಎಂದು ತೋರಿಸಿದಾಗ ಸಾಕಷ್ಟು ಚರ್ಚೆಯಾಯಿತು. ಫರ್ಮಿ ಮೇಲ್ಮೈ ಉಬ್ಬುವುದು ಕುಗ್ಗುವುದು ಪ್ರಯೋಗದಲ್ಲಿ ಕಾಣುತ್ತಲೇ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಿಲಿಕಾನ್‌ನಲ್ಲಿ ರಂಜಕ ಒಂದು ಎಲೆಕ್ಟ್ರಾನ್ ದಾನ ಮಾಡಿ ಸುಮ್ಮನೆ ಕೂರುವ ಚಿತ್ರ ಇಲ್ಲಿಗೆ ಒಪ್ಪುವುದಿಲ್ಲ. ಬೆರೆಸಿದ ಪರಮಾಣು ಎಲೆಕ್ಟ್ರಾನ್‌ಗಳಿಗೆ ಅಡ್ಡ ಬರುತ್ತದೆ, ಅವನ್ನು ಚದುರಿಸುತ್ತದೆ, ಸುತ್ತಲಿನ ಕಾಂತತ್ವವನ್ನು ಕದಡುತ್ತದೆ.

ಇದನ್ನು ಅತ್ಯಂತ ಚೊಕ್ಕವಾಗಿ ತೋರಿಸಿದ್ದು ಅಮೆರಿಕದ ಏಮ್ಸ್ ಪ್ರಯೋಗಾಲಯದ ಪಾಲ್ ಕ್ಯಾನ್‌ಫೀಲ್ಡ್ ಗುಂಪು, 2009ರಲ್ಲಿ. ಕೋಬಾಲ್ಟ್, ನಿಕ್ಕಲ್, ತಾಮ್ರ ಕ್ರಮವಾಗಿ ಕಬ್ಬಿಣಕ್ಕಿಂತ ಒಂದು, ಎರಡು, ಮೂರು ಎಲೆಕ್ಟ್ರಾನ್ ಹೆಚ್ಚಿರುವ ಧಾತುಗಳು. ಮೂರನ್ನೂ ಬೇರೆ ಬೇರೆಯಾಗಿ ಬೆರೆಸಿ ನಕ್ಷೆ ಎಳೆದಾಗ ಒಂದು ವಿಚಿತ್ರ ಕಂಡಿತು. ಪಟ್ಟೆಯ ಜೋಡಣೆ ಎಷ್ಟು ಕುಗ್ಗುತ್ತದೆ ಎನ್ನುವುದು ಎಷ್ಟು ಪರಮಾಣು ಬೆರೆಸಿದ್ದೇವೆ ಎನ್ನುವುದನ್ನು ಅವಲಂಬಿಸಿತ್ತು, ಅವು ತಂದ ಎಲೆಕ್ಟ್ರಾನ್‌ಗಳನ್ನಲ್ಲ. ಅತಿವಾಹಕತೆ ಎಲ್ಲಿ ಮುಗಿಯುತ್ತದೆ ಎನ್ನುವುದು ಮಾತ್ರ ಎಲೆಕ್ಟ್ರಾನ್‌ಗಳ ಲೆಕ್ಕವನ್ನು ಅನುಸರಿಸಿತು. ತಾಮ್ರದ ಗತಿ ಇದರಿಂದ ಅರ್ಥವಾಗುತ್ತದೆ. ಜೋಡಣೆಯನ್ನು ಸಾಕಷ್ಟು ಕುಗ್ಗಿಸುವಷ್ಟು ತಾಮ್ರ ಹಾಕುವ ಹೊತ್ತಿಗೆ ಎಲೆಕ್ಟ್ರಾನ್ ಮಿತಿಮೀರಿ ಬಿದ್ದಿರುತ್ತದೆ, ಅತಿವಾಹಕತೆಯ ಕಿಟಕಿ ಮುಚ್ಚಿಹೋಗಿರುತ್ತದೆ. ಮೊದಲೇ ಒಂದಿಷ್ಟು ಕೋಬಾಲ್ಟ್ ಇರುವ ಹರಳಿಗೆ ತಾಮ್ರ ಸೇರಿಸಿದಾಗ ಅತಿವಾಹಕತೆ ಬಂದದ್ದು ಈ ವಿವರಣೆಗೆ ಸಾಕ್ಷಿಯಾಯಿತು.

ಇನ್ನೊಂದು ಕಡೆಯಿಂದ ಮ್ಯಾಂಗನೀಸ್ ಅದೇ ಪಾಠ ಹೇಳುತ್ತದೆ. ಅದರಲ್ಲಿ ಕಬ್ಬಿಣಕ್ಕಿಂತ ಒಂದು ಎಲೆಕ್ಟ್ರಾನ್ ಕಡಿಮೆ. ಬರೀ ಲೆಕ್ಕ ನೋಡಿದರೆ ಪೊಟ್ಯಾಸಿಯಂ ಮಾಡಿದ ಕೆಲಸವನ್ನೇ ಇದೂ ಮಾಡಬೇಕು. ಆದರೆ ಎಷ್ಟು ಮ್ಯಾಂಗನೀಸ್ ಬೆರೆಸಿದರೂ 122 ಅತಿವಾಹಕ ಆಗುವುದಿಲ್ಲ. ಕ್ರೋಮಿಯಂನದೂ ಇದೇ ಹಣೆಬರಹ. ಮ್ಯಾಂಗನೀಸ್ ತನ್ನದೇ ಗಟ್ಟಿ ಕಾಂತೀಯ ಬಲವನ್ನು ಪದರದ ನಡುವೆ ತಂದು ನೆಡುತ್ತದೆ. ಸುತ್ತಲಿನ ಏರಿಳಿತಗಳನ್ನು ತನ್ನ ಕಡೆಗೆ ಎಳೆದು ಕೆಡಿಸುತ್ತದೆ. ಪೊಟ್ಯಾಸಿಯಂ ಕೂರುವುದು ಪದರದ ಹೊರಗೆ, ಕಬ್ಬಿಣದ ಜಾಲ ಅಖಂಡವಾಗಿ ಉಳಿಯುತ್ತದೆ. ಪೊಟ್ಯಾಸಿಯಂ ಹರಳು 38 ಮುಟ್ಟಿದರೆ ಕೋಬಾಲ್ಟ್ ಹರಳು 24ಕ್ಕೇ ನಿಲ್ಲುವುದಕ್ಕೆ ಇದೂ ಒಂದು ಕಾರಣ ಎಂದು ಹಲವರ ಅಭಿಪ್ರಾಯ.

ಚೌಕ ಸೊಟ್ಟಗಾಗುವುದು ಯಾರ ಕೆಲಸ?

ಈ ಹರಳು ಬೆಳೆಸುವ ವಿಧಾನ ಹೇಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಬೇರಿಯಂ ತುಣುಕನ್ನು ಕಬ್ಬಿಣದ ಆರ್ಸೆನೈಡ್ ಮತ್ತು ಕೋಬಾಲ್ಟ್ ಆರ್ಸೆನೈಡ್ ಪುಡಿಗಳ ಜೊತೆ ಅಲ್ಯೂಮಿನಾ ಮೂಸೆಯಲ್ಲಿಟ್ಟು, ಅದನ್ನು ಕ್ವಾರ್ಟ್ಜ್ ಕೊಳವೆಯೊಳಗೆ ಗಾಳಿಯಾಡದಂತೆ ಮುಚ್ಚುತ್ತಾರೆ. ಆರ್ಸೆನಿಕ್ ವಿಷ, ಕೊಳವೆ ಸೀಳಿದರೆ ಆವಿ ಹೊರಬರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಅವಸರ ಸಲ್ಲದು. ಸುಮಾರು 1,180 ಡಿಗ್ರಿಗೆ ಕಾಯಿಸಿ, ಗಂಟೆಗೆ ಕೆಲವೇ ಡಿಗ್ರಿಯಂತೆ ಇಳಿಸಿ, 1,000 ಡಿಗ್ರಿಯ ಆಸುಪಾಸಿನಲ್ಲಿ ಉಳಿದ ದ್ರವವನ್ನು ಬಸಿಯುತ್ತಾರೆ. ಮಿಲಿಮೀಟರುಗಳಷ್ಟು ಅಗಲದ, ತೆಳ್ಳನೆಯ, ಕನ್ನಡಿಯಂತೆ ಹೊಳೆಯುವ ಹಲಗೆಗಳು ಸಿಗುತ್ತವೆ. ಇದನ್ನು ತಣಿಸಿ ಚೌಕ ಆಯತವಾಗುವ ಹಂತ ದಾಟಿಸಿದರೆ, ಹರಳಿನ ಒಂದು ಭಾಗದಲ್ಲಿ ಉದ್ದ ಬದಿ ಒಂದು ದಿಕ್ಕಿಗೆ, ಪಕ್ಕದ ಭಾಗದಲ್ಲಿ ಅದಕ್ಕೆ ಅಡ್ಡಲಾಗಿ. ಇಂಥ ಅವಳಿ ವಲಯಗಳ ರಾಶಿಯಲ್ಲಿ ಎರಡು ದಿಕ್ಕುಗಳ ವ್ಯತ್ಯಾಸ ಅಳಿಸಿಹೋಗುತ್ತದೆ.

ಸ್ಟ್ಯಾನ್‌ಫರ್ಡ್‌ನ ಇಯಾನ್ ಫಿಷರ್ ಗುಂಪು 2010ರಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ: ಹರಳನ್ನು ಒಂದು ಪುಟ್ಟ ಹಿಡಿಕೆಯಲ್ಲಿ ಸಿಕ್ಕಿಸಿ ಒಂದು ಬದಿಯಿಂದ ಒತ್ತಿಹಿಡಿದು ತಣಿಸುವುದು. ಒತ್ತಿದ ದಿಕ್ಕು ಗಿಡ್ಡ ಬದಿಯಾಗುತ್ತದೆ, ಬಹುಪಾಲು ಹರಳು ಒಂದೇ ದಿಕ್ಕಿಗೆ ತಿರುಗುತ್ತದೆ. ಆಮೇಲೆ ಎರಡೂ ದಿಕ್ಕಿನ ರೋಧ ಅಳೆದರೆ, ಬದಿಗಳ ಉದ್ದದಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲದ ಹರಳಿನಲ್ಲಿ ರೋಧದ ವ್ಯತ್ಯಾಸ ಎರಡು ಪಟ್ಟಿನವರೆಗೆ! ಅದೂ ಗಿಡ್ಡ ಬದಿಯಲ್ಲೇ ರೋಧ ಹೆಚ್ಚು. ಆ ದಿಕ್ಕಿನಲ್ಲಿ ಪರಮಾಣುಗಳು ಹತ್ತಿರವಿವೆ, ಸ್ಪಿನ್‌ಗಳೆಲ್ಲ ಒಂದೇ ಕಡೆ ಮುಖ ಮಾಡಿವೆ. ಕರೆಂಟು ಸುಲಭವಾಗಿ ಹರಿಯಬೇಕಿದ್ದ ದಿಕ್ಕು ಅದೇ. ವ್ಯತ್ಯಾಸ ಅತಿ ಹೆಚ್ಚಿದ್ದದ್ದೂ ಶುದ್ಧ ಹರಳಿನಲ್ಲಲ್ಲ, ಸ್ವಲ್ಪ ಕೋಬಾಲ್ಟ್ ಬಿದ್ದ ಹರಳಿನಲ್ಲಿ. ಪೊಟ್ಯಾಸಿಯಂ ಹಾಕಿದ ಹರಳುಗಳಲ್ಲಿ ಈ ವ್ಯತ್ಯಾಸ ಸಣ್ಣದು, ಒಂದು ಹಂತದಲ್ಲಿ ದಿಕ್ಕೂ ಅದಲುಬದಲು. ಎಲೆಕ್ಟ್ರಾನ್ ಹಾಕುವುದೂ ತೆಗೆಯುವುದೂ ಒಂದೇ ಎಂದು ಮೇಲೆ ಹೇಳಿದ ಮಾತಿನ ಮಿತಿ ಇಲ್ಲಿ ಕಾಣುತ್ತದೆ.

ಹಾಗಾದರೆ ಮೊದಲು ಸೊಟ್ಟಗಾದದ್ದು ಜಾಲವೇ, ಎಲೆಕ್ಟ್ರಾನ್‌ಗಳೇ? ಅದೇ ಗುಂಪು 2012ರಲ್ಲಿ ಹರಳನ್ನು ಪೀಜೋ ತುಂಡಿಗೆ ಅಂಟಿಸಿ, ವೋಲ್ಟೇಜ್ ಕೊಟ್ಟು ಕೂದಲೆಳೆಯಷ್ಟು ಹಿಗ್ಗಿಸಿ ಕುಗ್ಗಿಸಿ, ರೋಧ ಎಷ್ಟು ಬದಲಾಗುತ್ತದೆಂದು ಅಳೆಯಿತು. ಹಿಗ್ಗಿಸುವ ಪ್ರಮಾಣ ಅಷ್ಟೇ ಇದ್ದರೂ, ತಾಪ ಇಳಿದು ಸಂಕ್ರಮಣ ಹತ್ತಿರವಾದಂತೆ ರೋಧದ ಪ್ರತಿಕ್ರಿಯೆ ಏರುತ್ತಲೇ ಹೋಯಿತು. ಎರಡೂ ತಟ್ಟೆ ಸರಿಸಮವಾದ ತಕ್ಕಡಿ ಒಂದು ಕಾಳಿಗೇ ವಾಲುವಂತೆ, ಎಲೆಕ್ಟ್ರಾನ್‌ಗಳು ಒಂದು ದಿಕ್ಕನ್ನು ಆರಿಸಿಕೊಳ್ಳಲು ತಾವಾಗಿಯೇ ತುದಿಗಾಲಿನಲ್ಲಿದ್ದವು. ಜಾಲ ಬರೀ ಹಿಂಬಾಲಿಸಿತು. ದ್ರವ ಹರಳುಗಳ ಪರಿಭಾಷೆಯಿಂದ ಎರವಲು ತಂದು ಈ ಸ್ಥಿತಿಗೆ ನೆಮ್ಯಾಟಿಕ್ ಎನ್ನುತ್ತಾರೆ. ಇದರ ಮೂಲ ಸ್ಪಿನ್‌ನಲ್ಲಿದೆಯೋ ಕಕ್ಷಕಗಳಲ್ಲಿದೆಯೋ ಎಂಬುದು ವರ್ಷಗಟ್ಟಲೆ ನಡೆದ ವಾದ. 122 ಕುಟುಂಬದಲ್ಲಿ ಎರಡು ಸಂಕ್ರಮಣಗಳೂ ಒಂದರ ಬೆನ್ನಿಗೊಂದು ಅಂಟಿಕೊಂಡೇ ಇಳಿಯುವುದನ್ನು ನೋಡಿದರೆ ಸ್ಪಿನ್ ಪಕ್ಷದ ವಾದ ತೂಕದ್ದು. ಆದರೆ ಕಬ್ಬಿಣದ ಸೆಲೆನೈಡ್‌ನಲ್ಲಿ ಜಾಲ 90 ಕೆಲ್ವಿನ್‌ನಲ್ಲೇ ಸೊಟ್ಟಗಾಗುತ್ತದೆ, ಸ್ಪಿನ್‌ಗಳು ಮಾತ್ರ ಸಾಮಾನ್ಯ ಒತ್ತಡದಲ್ಲಿ ಎಷ್ಟು ತಣಿಸಿದರೂ ಸಾಲುಗಟ್ಟುವುದೇ ಇಲ್ಲ.

ಜೋಡಿ ಕಟ್ಟುವ ಅಂಟು

ಹಳೆಯ ಅತಿವಾಹಕಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಜೋಡಿಸುವುದು ಜಾಲದ ಕಂಪನ. 2008ರಲ್ಲೇ ಲ್ಯಾಂಥನಮ್ ಸಂಯುಕ್ತಕ್ಕೆ ಆ ಲೆಕ್ಕ ಹಾಕಿ ನೋಡಿದಾಗ ಬಂದ ಉತ್ತರ 1 ಕೆಲ್ವಿನ್‌ಗಿಂತಲೂ ಕಡಿಮೆ. 26ರ ಹತ್ತಿರವೂ ಸುಳಿಯಲಿಲ್ಲ. ಇಗೊರ್ ಮಾಜಿನ್ ಮತ್ತು ಸಂಗಡಿಗರು, ಬೇರೆಯಾಗಿ ಕುರೋಕಿ ಗುಂಪು, ಅದೇ ವರ್ಷ ಮುಂದಿಟ್ಟ ಮಾತು ಹೀಗಿದೆ. ಅಂಟು ಎಂದರೆ ಕಾಂತೀಯ ಏರಿಳಿತವೇ. ಅದು ಎಲೆಕ್ಟ್ರಾನ್‌ಗಳ ನಡುವೆ ಆಕರ್ಷಣೆಯನ್ನಲ್ಲ, ವಿಕರ್ಷಣೆಯನ್ನು ತರುತ್ತದೆ. ವಿಕರ್ಷಣೆಯಿಂದಲೂ ಜೋಡಿ ಕಟ್ಟಬಹುದು, ಒಂದು ಷರತ್ತಿನ ಮೇಲೆ: ಹೋಲ್ ತುಂಡಿನಲ್ಲಿ ಜೋಡಿಯ ತರಂಗಕ್ಕೆ ಪ್ಲಸ್ ಚಿಹ್ನೆಯಿದ್ದರೆ ಎಲೆಕ್ಟ್ರಾನ್ ತುಂಡಿನಲ್ಲಿ ಮೈನಸ್ ಇರಬೇಕು. ಪಟ್ಟೆಯ ಅಲೆ ಜೋಡಿಸುವುದು ಇದೇ ಎರಡು ತುಂಡುಗಳನ್ನು. ಅಂದರೆ ಯಾವ ನಂಟು ಕಾಂತೀಯ ಜೋಡಣೆಯನ್ನು ಕಟ್ಟಿತ್ತೋ, ಜೋಡಣೆ ಸಡಿಲಾದ ಮೇಲೆ ಅದೇ ನಂಟು ಜೋಡಿಗಳನ್ನು ಕಟ್ಟುತ್ತದೆ.

ಸಾಕ್ಷಿ ಬೇಗ ಬಂತು. ಪೊಟ್ಯಾಸಿಯಂ ಹರಳಿನಲ್ಲಿ ಅತಿವಾಹಕತೆ ಬಂದಕೂಡಲೇ ಸುಮಾರು 14 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ, ಪಟ್ಟೆಯ ಸಂವೇಗದಲ್ಲೇ, ಹೊಸ ಕಾಂತೀಯ ಶಿಖರವೊಂದು ನ್ಯೂಟ್ರಾನ್ ಪ್ರಯೋಗದಲ್ಲಿ ಎದ್ದಿತು. ಎರಡು ತುಂಡುಗಳ ಚಿಹ್ನೆ ಬೇರೆಯಿದ್ದರೆ ಕಾಣಬೇಕಾದದ್ದು ಇಂಥದ್ದೇ. ಕೋಬಾಲ್ಟ್ ಹರಳುಗಳಲ್ಲಿ ಇನ್ನೂ ಸೊಗಸಾದ ಸಂಗತಿ ಸಿಕ್ಕಿತು: ಕಡಿಮೆ ಡೋಪ್ ಮಾಡಿದ ಹರಳನ್ನು ತಣಿಸುತ್ತ ಅತಿವಾಹಕತೆಯ ತಾಪ ದಾಟಿದರೆ, ಬೆಳೆಯುತ್ತಿದ್ದ ಕಾಂತೀಯ ಜೋಡಣೆ ಅಲ್ಲಿಂದ ಕುಗ್ಗತೊಡಗುತ್ತದೆ, ಸೊಟ್ಟಗಾಗಿದ್ದ ಜಾಲವೂ ಚೌಕದ ಕಡೆಗೆ ಮರಳುತ್ತದೆ. ಎರಡೂ ಒಂದೇ ಎಲೆಕ್ಟ್ರಾನ್‌ಗಳಿಗಾಗಿ ಕಿತ್ತಾಡುತ್ತಿವೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ರಂಜಕದ ಹರಳಿನಲ್ಲಿ, ಕಾಂತತ್ವ ಸರಿಯಾಗಿ ಸೊನ್ನೆಯಾಗುವ ನೂರಕ್ಕೆ ಮೂವತ್ತರ ಬೆರಕೆಯಲ್ಲೇ, ಕಾಂತಕ್ಷೇತ್ರ ಅತಿವಾಹಕದೊಳಗೆ ನುಗ್ಗುವ ಆಳ ಚೂಪಾದ ಶಿಖರ ಮುಟ್ಟುವುದನ್ನು 2012ರಲ್ಲಿ ಅಳೆದರು. ಎಲೆಕ್ಟ್ರಾನ್‌ಗಳು ಅಲ್ಲಿ ವಿಪರೀತ ಭಾರವಾದಂತೆ ವರ್ತಿಸುತ್ತವೆ.

ಎದುರು ಪಕ್ಷವೂ ಇದೆ. ಚಿಹ್ನೆ ಬದಲಾಗುವ ಜೋಡಿಗಳನ್ನು ಪದರದೊಳಗಿನ ಕಶ್ಮಲ ಸುಲಭವಾಗಿ ಒಡೆಯಬೇಕು. ಕೋಬಾಲ್ಟ್ ಕೂರುವುದು ಕಬ್ಬಿಣದ ಪದರದ ಒಳಗೇ, ಆದರೂ ಅತಿವಾಹಕತೆ ಬದುಕಿದೆ. ಈ ಆಕ್ಷೇಪ ಎತ್ತಿದ ಕೊಂಟಾನಿ ಮತ್ತು ಒನಾರಿ, ಕಕ್ಷಕಗಳ ಏರಿಳಿತವೇ ಅಂಟು, ಚಿಹ್ನೆ ಬದಲಾಗಬೇಕಿಲ್ಲ ಎಂದು ವಾದಿಸಿದರು. ಕೋಬಾಲ್ಟ್ ಎಲೆಕ್ಟ್ರಾನನ್ನು ತುಂಡಿನೊಳಗೇ ಹೆಚ್ಚು ಚದುರಿಸಿ, ಒಂದು ತುಂಡಿನಿಂದ ಇನ್ನೊಂದಕ್ಕೆ ಕಡಿಮೆ ಚದುರಿಸಿದರೆ ಮೊದಲ ಪಕ್ಷಕ್ಕೆ ಧಕ್ಕೆಯಿಲ್ಲ. ಬಹುಪಾಲು ಜನ ಆ ಕಡೆಗೇ ವಾಲಿದ್ದಾರೆ.

ಹೆಚ್ಚು ಕಾಡುವುದು ಡೋಪಿಂಗ್‌ನ ಕೊನೆಯ ಅಂಚುಗಳು. ಬೇರಿಯಂ ಪೂರ್ತಿ ಹೋಗಿ ಪೊಟ್ಯಾಸಿಯಂ ಮಾತ್ರ ಉಳಿದಾಗ ಮೂಲೆಯ ಎಲೆಕ್ಟ್ರಾನ್ ತುಂಡುಗಳು ಇಲ್ಲವಾಗಿರುತ್ತವೆ, ಅತಿವಾಹಕತೆ 3.5 ಕೆಲ್ವಿನ್‌ಗೆ ಇಳಿದರೂ ಸಾಯುವುದಿಲ್ಲ. ಲ್ಯಾಂಥನಮ್ ಸಂಯುಕ್ತದಲ್ಲಿ ಫ್ಲೋರಿನ್ ಬದಲು ಹೈಡ್ರೋಜನ್ ಬಳಸಿದರೆ ಎಲೆಕ್ಟ್ರಾನನ್ನು ಇನ್ನೂ ಹೆಚ್ಚು ತುರುಕಬಹುದು. ಹಾಗೆ ಮಾಡಿದ ಹೊಸೊನೊ ಗುಂಪಿಗೆ ಮೊದಲ ಗುಮ್ಮಟದ (ಬೆರಕೆ ಹೆಚ್ಚಿದಂತೆ ಅತಿವಾಹಕತೆಯ ತಾಪ ಏರಿ ಇಳಿಯುವ ರೇಖೆ) ಆಚೆ 36 ಕೆಲ್ವಿನ್‌ನ ಎರಡನೆಯ ಗುಮ್ಮಟ ಸಿಕ್ಕಿತು. ಅದಕ್ಕೂ ಆಚೆ, ಆಮ್ಲಜನಕದ ಅರ್ಧದಷ್ಟು ಹೋದಾಗ, ಬೇರೆಯದೇ ವಿನ್ಯಾಸದ ಕಾಂತೀಯ ಜೋಡಣೆ ಕಾದಿತ್ತು. ಅಲ್ಲಿಯೂ ಅತಿವಾಹಕತೆ ಕಾಂತತ್ವದ ನೆರೆಯಲ್ಲೇ ಮನೆ ಮಾಡಿದೆ.

ಇನ್ನೊಂದು ಅಂಚು ಕಬ್ಬಿಣದ ಸೆಲೆನೈಡ್‌ನದು. 2012ರಲ್ಲಿ ಶುಯೆ ಚಿಕುನ್ ಗುಂಪು ಅದರ ಒಂದೇ ಒಂದು ಪದರವನ್ನು ಸ್ಟ್ರಾನ್ಶಿಯಂ ಟೈಟನೇಟ್ ಮೇಲೆ ಬೆಳೆಸಿದಾಗ, ತುಂಡು ಹರಳಿನಲ್ಲಿ 8 ಕೆಲ್ವಿನ್ ಇದ್ದದ್ದು ಎಷ್ಟೋ ಪಟ್ಟು ಏರಿತು; ಮುಂದಿನ ಅಳತೆಗಳಲ್ಲಿ ಅತಿವಾಹಕತೆಯ ಗ್ಯಾಪ್, ಅಂದರೆ ಜೋಡಿ ಒಡೆಯಲು ಬೇಕಾದ ಶಕ್ತಿಯ ಅಂತರ, ಸುಮಾರು 65 ಕೆಲ್ವಿನ್‌ವರೆಗೆ ಉಳಿಯಿತು. ಇಲ್ಲಿ ಯಾವ ಪರಮಾಣುವನ್ನೂ ಬದಲಿಸಿಲ್ಲ, ತಳದಿಂದ ಎಲೆಕ್ಟ್ರಾನ್ ಏರಿಬರುತ್ತದೆ. ದಪ್ಪ ಸೆಲೆನೈಡ್ ಮೇಲೆ ಪೊಟ್ಯಾಸಿಯಂ ಪರಮಾಣುಗಳನ್ನು ಚಿಮುಕಿಸಿದರೂ ಮೇಲ್ಪದರ 40 ಕೆಲ್ವಿನ್ ದಾಟುತ್ತದೆ. ಈ ಎರಡರಲ್ಲೂ ನಡುವಿನ ಹೋಲ್ ತುಂಡುಗಳು ಪೂರ್ತಿ ಮುಳುಗಿಹೋಗಿವೆ. ಕೋಬಾಲ್ಟ್ ಹರಳಿನಲ್ಲಿ ಯಾವುದು ಹೋದಾಗ ಅತಿವಾಹಕತೆ ಸತ್ತಿತ್ತೋ, ಇಲ್ಲಿ ಅದು ಇಲ್ಲದಿರುವಾಗಲೇ ಅತಿ ಎತ್ತರದ ತಾಪ. ಹೋಲ್ ತುಂಡುಗಳಿಲ್ಲದ ಇನ್ನೊಂದು ಸೋದರ, ರುಬಿಡಿಯಂ ಸೇರಿದ ಸೆಲೆನೈಡ್‌ನಲ್ಲಿ, 2011ರಲ್ಲಿ ನ್ಯೂಟ್ರಾನ್ ಶಿಖರ ಪಟ್ಟೆಯ ಸಂವೇಗದಲ್ಲಿ ಅಲ್ಲದೆ ಎರಡು ಎಲೆಕ್ಟ್ರಾನ್ ತುಂಡುಗಳನ್ನೇ ಒಂದಕ್ಕೊಂದು ಬೆಸೆಯುವ ಸಂವೇಗದಲ್ಲಿ ಕಾಣಿಸಿತು. ಹಾಗಾಗಿ ಪ್ಲಸ್ ಮತ್ತು ಮೈನಸ್ ಇಲ್ಲಿ ನಡುವಿಗೂ ಮೂಲೆಗೂ ಹಂಚಿಕೆಯಾಗಿರದೆ, ಮೂಲೆಮೂಲೆಗಳ ನಡುವೆಯೇ ಹಂಚಿಕೆಯಾಗಿರಬೇಕು ಎಂಬ ದಿಕ್ಕಿನಲ್ಲಿ ಲೆಕ್ಕಗಳು ಸಾಗಿವೆ.